ಒಂದೇ ಡಬ್ಬಿ, ಎರಡು ಮಿತಿ: ಸೆಟ್ಟಿಂಗ್ ಬದಲಾದದ್ದು ಬಿಲ್ಡ್‌ಗೆ ಗೊತ್ತಾಗದೆ ಹೋದ ಪ್ರಕರಣ

ನಮ್ಮ ಪಂಪ್ ಕಂಟ್ರೋಲರ್ ಡಬ್ಬಿಯ ಮುಂದಿನ ಡಿಸ್‌ಪ್ಲೇಯಲ್ಲಿ ಡ್ರೈ ರನ್ ಮಿತಿ 5.5 ಆಂಪಿಯರ್ ಅಂತ ಇತ್ತು. ಅದೇ ಡಬ್ಬಿಗೆ ಎಸ್ಸೆಮ್ಮೆಸ್ ಹಾಕಿ ಕೇಳಿದರೆ 12.0 ಆಂಪಿಯರ್ ಅಂತ ಉತ್ತರ ಬರುತ್ತಿತ್ತು. ಒಂದೇ ಚಿಪ್, ಒಂದೇ ಪ್ರೋಗ್ರಾಂ, ಒಂದೇ ಮೆಮೊರಿ. ಆದರೂ ಎರಡು ಸಂಖ್ಯೆ. ಈ ಬರಹ ಪೂರ್ತಿ ಆ ಎರಡು ಸಂಖ್ಯೆಗಳ ಬಗ್ಗೆಯೇ.

ನಾವು ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುವ ಸಣ್ಣ ತಂಡ. ಸುತ್ತ ಫೌಂಡ್ರಿಗಳು, ಲೇತ್ ಅಂಗಡಿಗಳು. ನಮ್ಮದು ಬೋರ್‌ವೆಲ್ ಪಂಪಿನ ಕಂಟ್ರೋಲರ್. ಮೊಬೈಲ್‌ನಿಂದ ಮೋಟಾರ್ ಚಾಲೂ ಮಾಡಬಹುದು, ಬಂದ್ ಮಾಡಬಹುದು. ಬೋರಿನಲ್ಲಿ ನೀರು ಇಳಿದರೆ ಅದು ತಾನೇ ಮೋಟಾರ್ ನಿಲ್ಲಿಸುತ್ತದೆ. ನೀರು ಎತ್ತದೆ ಸುಮ್ನೆ ತಿರುಗುವ ಮೋಟಾರ್‌ಗೆ ಭಾರ ಕಡಿಮೆ. ಹಾಗಾಗಿ ಅದು ಎಳೆಯುವ ಕರೆಂಟ್ ಕೂಡ ಕಡಿಮೆ. ಒಂದು ಮಿತಿಗಿಂತ ಕೆಳಗೆ ಹೋದರೆ ನೀರಿಲ್ಲ ಎಂದು ಲೆಕ್ಕ. ಇದೇ ಡ್ರೈ ರನ್. ಕರೆಂಟ್ ಮೇಲಿನ ಮಿತಿ ದಾಟಿದರೆ ಓವರ್‌ಲೋಡ್. ಆಗಲೂ ನಿಲ್ಲಿಸಬೇಕು, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ.

ಕರೆ ಬಂದದ್ದು ವಿಜಯಪುರದ ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರಿಂದ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದಿತ್ತು. ಹೊಸ ಚಿಗುರು ಬರುವ ಹೊತ್ತಿನಲ್ಲಿ ಮಳೆ ಹನಿಸಿದರೆ ಡೌನಿ ರೋಗದ ಭಯ ಇರುತ್ತದೆ. ಔಷಧಿ ಹೊಡೆಯುವುದು ಒಂದು ದಿನ ತಡವಾದರೂ ಕಷ್ಟ. ಔಷಧಿಯ ಟ್ಯಾಂಕ್ ತುಂಬಿಸಲು ಅವರು ಸಿಂಗಲ್ ಫೇಸಿನ ಒಂದೂವರೆ ಎಚ್‌ಪಿ ಮೋಟಾರ್ ಇಟ್ಟುಕೊಂಡಿದ್ದರು. ಅದಕ್ಕೆ ನಮ್ಮ ಡಬ್ಬಿ ಹಾಕಿ ಒಂದು ವಾರವಾಗಿತ್ತು.

"ಸರ್ರ, ನೀರು ಛಲೋ ಬರಾಕತ್ತೇತಿ. ಆದ್ರ ಹತ್ತು ಸೆಕೆಂಡಿಗೆ ನಿಮ್ಮ ಡಬ್ಬಿ ನೀರಿಲ್ಲ ಅಂತ ಬಂದ್ ಮಾಡತೈತಿ. ಮತ್ತ ತಾನ ಚಾಲೂ ಆಗತೈತಿ, ಮತ್ತ ಬಂದ್."

"ಕಾಕಾ, ಬಂದ್ ಆದ ಮ್ಯಾಲ ಎರಡು ನಿಮಿಷ ಬಿಟ್ಟು ಚಾಲೂ ಆಗತೈತೇನ್ರಿ?"

"ಇಲ್ರಿ. ಮುಂಜಾನೆ ಕರೆಂಟ್ ಬಂದಾಗ ಲಗೂನ ಚಾಲೂ ಆಗತಿತ್ತು. ಈಗ ಹೊತ್ತು ಹೋದಂಗ ತಡಾ ಮಾಡಾಕತ್ತೈತಿ."

ಈ ಕೊನೆಯ ಮಾತಿಗೆ ನಾನು ಇಂದಿಗೂ ಋಣಿ. ನಮ್ಮ ಪ್ರೋಗ್ರಾಂನಲ್ಲಿ ಮರುಚಾಲನೆಯ ಅಂತರ 120 ಸೆಕೆಂಡ್. ಅದು ತಾನಾಗಿ ಹೆಚ್ಚುವ ಲೆಕ್ಕ ಎಲ್ಲೂ ಇಲ್ಲ. ಕಾಕಾ ಗಡಿಯಾರ ನೋಡಿ ಬರೆದುಕೊಂಡು ಹೇಳಿದರು: ಒಮ್ಮೆ 20 ಸೆಕೆಂಡ್, 11 ನಿಮಿಷ ಬಿಟ್ಟು ನೋಡಿದರೆ 30 ಸೆಕೆಂಡ್. ಅಂದರೆ ಸುಮಾರು 66 ಸೆಕೆಂಡಿಗೆ ಒಂದೊಂದರಂತೆ ಏರುತ್ತಿದೆ. ಚಿಪ್‌ಗಳ ಜೊತೆ ದಿನ ಕಳೆಯುವವರಿಗೆ ಈ ಸಂಖ್ಯೆ ನೋಡಿದ ಕೂಡಲೇ ಏನೋ ಹೊಳೆಯುತ್ತದೆ. 16 ಬಿಟ್ ತುಂಬಿದರೆ 65,536. ಮಿಲಿಸೆಕೆಂಡ್ ಲೆಕ್ಕದಲ್ಲಿ ಅದು 65.5 ಸೆಕೆಂಡ್. ಮರುಚಾಲನೆಯ ಅಂತರ ಓದಬೇಕಾದ ಕೋಡ್, ಮಿಲಿಸೆಕೆಂಡ್ ಎಣಿಸುವ ಕೌಂಟರಿನ ಮೇಲರ್ಧವನ್ನು ಓದುತ್ತಿತ್ತು.

ಮೆಮೊರಿಯಲ್ಲಿ ಏನಾಗಿತ್ತು

ನಮ್ಮ ಸೆಟ್ಟಿಂಗ್‌ಗಳೆಲ್ಲ ಒಂದೇ ಸ್ಟ್ರಕ್ಚರ್‌ನಲ್ಲಿ ಸಾಲಾಗಿ ಕೂತಿವೆ. ಮೊದಲು ಪ್ರತಿ ಫೇಸಿನ ಕರೆಂಟ್. ಆಮೇಲೆ ಡ್ರೈ ರನ್ ಮಿತಿ, ಓವರ್‌ಲೋಡ್ ಮಿತಿ, ಮರುಚಾಲನೆಯ ಅಂತರ. ಒಂದೊಂದಕ್ಕೂ 2 ಬೈಟ್. ಫೇಸ್ ಎಷ್ಟು ಅನ್ನುವುದು ಬಿಲ್ಡ್ ಸೆಟ್ಟಿಂಗ್, ಅಂದರೆ ಬರೆದ ಕೋಡನ್ನು ಚಿಪ್‌ಗೆ ತುಂಬುವ ಪ್ರೋಗ್ರಾಂ ಆಗಿ ಕಟ್ಟುವಾಗ ಕೊಡುವ ಬೆಲೆ. ತ್ರೀ ಫೇಸ್ ಆದರೆ ಕರೆಂಟಿಗೆ ಮೂರು ಜಾಗ, 0, 2, 4ನೇ ಬೈಟ್. ಡ್ರೈ ರನ್ 6ರಲ್ಲಿ, ಓವರ್‌ಲೋಡ್ 8ರಲ್ಲಿ, ಅಂತರ 10ರಲ್ಲಿ. ಸಿಂಗಲ್ ಫೇಸ್ ಆದರೆ ಕರೆಂಟಿಗೆ ಒಂದೇ ಜಾಗ. ಆಗ ಡ್ರೈ ರನ್ 2ರಲ್ಲಿ, ಓವರ್‌ಲೋಡ್ 4ರಲ್ಲಿ, ಅಂತರ 6ರಲ್ಲಿ. ಅಲ್ಲಿಗೆ ಸ್ಟ್ರಕ್ಚರ್ ಮುಗಿಯಿತು, 8 ಬೈಟ್.

ತಿಕೋಟಾಕ್ಕೆ ಹೋದ ಡಬ್ಬಿಯಲ್ಲಿ ಸೆಟ್ಟಿಂಗ್ಸ್ ಫೈಲ್ ಸಿಂಗಲ್ ಫೇಸಿಗೆ ಕಂಪೈಲ್ ಆಗಿತ್ತು, ಅಂದರೆ ಚಿಪ್ಪಿನ ಭಾಷೆಗೆ ತಿರುಗಿತ್ತು. ಡಿಸ್‌ಪ್ಲೇಯ 5.5 ಈ ಲೆಕ್ಕದ್ದು. ಟ್ರಿಪ್ ಮಾಡುವ, ಅಂದರೆ ಮೋಟಾರ್ ನಿಲ್ಲಿಸುವ ಫೈಲ್ ಮತ್ತು ಎಸ್ಸೆಮ್ಮೆಸ್ ಫೈಲ್ ಎರಡೂ ತ್ರೀ ಫೇಸಿಗೆ ಕಂಪೈಲ್ ಆದ ಹಳೆಯ ಆಬ್ಜೆಕ್ಟ್‌ಗಳು. ಒಂದೊಂದು ಸೋರ್ಸ್ ಫೈಲ್ ಕಂಪೈಲ್ ಆದಾಗ ಸಿಗುವ ಫೈಲೇ ಆಬ್ಜೆಕ್ಟ್. ಒಬ್ಬರು ಸಾಮಾನು ಇಟ್ಟ ಗೂಡು ಬೇರೆ, ಇನ್ನೊಬ್ಬರು ಕೈ ಹಾಕಿದ ಗೂಡು ಬೇರೆ.

ಟ್ರಿಪ್ ಫೈಲ್ ಡ್ರೈ ರನ್ ಮಿತಿ ಎಂದು 6ನೇ ಬೈಟ್ ಓದಿತು. ಅಲ್ಲಿದ್ದದ್ದು ಮರುಚಾಲನೆಯ 120 ಸೆಕೆಂಡ್. ಮಿತಿಯನ್ನು ನಾವು ಆಂಪಿಯರಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಇಡುತ್ತೇವೆ. ಹಾಗಾಗಿ 120 ಅಂದರೆ 12.0 ಆಂಪಿಯರ್. ಎಸ್ಸೆಮ್ಮೆಸ್ ಹೇಳಿದ ಸಂಖ್ಯೆ ಇದೇ. ಕಾಕಾ ಅವರ ಮೋಟಾರ್ ಭರ್ತಿ ನೀರು ಎತ್ತುವಾಗ 9.4 ಆಂಪಿಯರ್ ಎಳೆಯುತ್ತದೆ. 12ಕ್ಕಿಂತ ಕಡಿಮೆ, ಆದ್ದರಿಂದ ನೀರಿಲ್ಲ, ಬಂದ್. ಟ್ರಿಪ್ ಫೈಲ್ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಂಡಿತ್ತು.

ಮರುಚಾಲನೆಯ ಅಂತರಕ್ಕಾಗಿ ಅದು 10ನೇ ಬೈಟ್‌ಗೆ ಹೋಯಿತು. ಸ್ಟ್ರಕ್ಚರ್ 8ಕ್ಕೇ ಮುಗಿದಿದೆ. ಆಬ್ಜೆಕ್ಟ್‌ಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವುದು ಲಿಂಕರ್. ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂದು ಅದು ಕೊಡುವ ಮ್ಯಾಪ್ ಫೈಲ್ ತೆಗೆದು ನೋಡಿದರೆ ಪಕ್ಕದಲ್ಲೇ 4 ಬೈಟಿನ ಮಿಲಿಸೆಕೆಂಡ್ ಕೌಂಟರ್. ಅದರ ಮೇಲರ್ಧ 10ನೇ ಬೈಟ್‌ನಲ್ಲಿ. ಕರೆಂಟ್ ಬಂದಾಗ ಸೊನ್ನೆ, ಆಮೇಲೆ 65.5 ಸೆಕೆಂಡಿಗೆ ಒಂದು ಏರಿಕೆ. ಕಾಕಾ ಹೇಳಿದ್ದು ಸೆಕೆಂಡ್ ಲೆಕ್ಕಕ್ಕೆ ಕೂತಿತು.

ಇದನ್ನೆಲ್ಲ ಕಾಗದದ ಮೇಲೆ ಗೀಟು ಹಾಕಿ ಬರೆಯುತ್ತಿದ್ದಾಗ 8ನೇ ಬೈಟ್ ಕಡೆ ಕಣ್ಣು ಹೋಯಿತು. ಅಲ್ಲಿ ಓವರ್‌ಲೋಡ್ ಮಿತಿ ಇರಬೇಕಿತ್ತು. ಇದ್ದದ್ದು ಕೌಂಟರಿನ ಕೆಳಗಿನ ಅರ್ಧ. ಅದು 0ಯಿಂದ 65,535ರವರೆಗೆ ಏರುತ್ತದೆ, ಮತ್ತೆ 0ಯಿಂದ ಶುರು. ಓವರ್‌ಲೋಡ್ 3 ಸೆಕೆಂಡ್ ಸತತವಾಗಿ ಕಂಡರೆ ಮಾತ್ರ ನಮ್ಮ ಕೋಡ್ ಮೋಟಾರ್ ನಿಲ್ಲಿಸುತ್ತದೆ. ಈ ಕೌಂಟರ್ ಮೋಟಾರಿನ ಕರೆಂಟಿಗಿಂತ ಕೆಳಗೆ ಇರುವುದು ಪ್ರತಿ ಸುತ್ತಿಗೆ ಸೆಕೆಂಡಿನ ಹತ್ತನೇ ಒಂದು ಪಾಲು ಮಾತ್ರ. ಅಂದರೆ ಆ ಡಬ್ಬಿಯಲ್ಲಿ ಓವರ್‌ಲೋಡ್ ರಕ್ಷಣೆ ಇರಲೇ ಇಲ್ಲ. ಪಂಪಿಗೆ ಮರಳು ಸಿಕ್ಕಿ ಬಿಗಿದುಕೊಂಡಿದ್ದರೆ ಡಬ್ಬಿ ಸುಮ್ನೆ ನೋಡುತ್ತಾ ಕೂತಿರುತ್ತಿತ್ತು.

ಡ್ರೈ ರನ್ ತೊಂದರೆ ಕಣ್ಣಿಗೆ ಕಂಡಿತು, ಅದಕ್ಕೇ ಕರೆ ಬಂತು. ಓವರ್‌ಲೋಡ್ ಇಲ್ಲದಿರುವುದು ಮೋಟಾರ್ ಸುಡುವವರೆಗೆ ಯಾರಿಗೂ ಕಾಣುತ್ತಿರಲಿಲ್ಲ. ಆ ಬಿಲ್ಡ್ ಹಾಕಿದ ಡಬ್ಬಿಗಳು 24 ಇದ್ದವು. ಅದೇ ಸಂಜೆ ಎಲ್ಲ ಮನೆಗೂ ಫೋನ್ ಮಾಡಿ ಹಳೆಯ ಸ್ಟಾರ್ಟರಿಗೇ ವಾಪಸ್ ಹಾಕಿಸಿದೆವು. ಇಬ್ಬರು ಮೂರು ದಿನ ತಿಕೋಟಾ, ಬಬಲೇಶ್ವರ ಕಡೆ ತಿರುಗಿ ಹೊಸ ಪ್ರೋಗ್ರಾಂ ತುಂಬಿ ಬಂದರು. ಯಾವ ಮೋಟಾರೂ ಸುಟ್ಟಿರಲಿಲ್ಲ.

ಹಳೆಯ ಆಬ್ಜೆಕ್ಟ್ ಹೇಗೆ ಉಳಿಯಿತು

ಸೋರ್ಸ್ ಕೋಡ್‌ನಲ್ಲಿ ಒಂದೂ ತಪ್ಪಿರಲಿಲ್ಲ. ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ನಲ್ಲಿ ಅದೇ ಕಮಿಟ್, ಅಂದರೆ ಅದೇ ಆವೃತ್ತಿ ತೆಗೆದು ಹೊಸ ಫೋಲ್ಡರ್‌ನಲ್ಲಿ ಬಿಲ್ಡ್ ಮಾಡಿದರೆ ಡಬ್ಬಿ ಸರಿಯಾಗಿ ಕೆಲಸ ಮಾಡುತ್ತಿತ್ತು. ಟೆಸ್ಟ್ ಆದದ್ದು ಅಂಥ ಬಿಲ್ಡ್. ಕಳಿಸಿದ್ದು ಇನ್ನೊಂದು ಕಂಪ್ಯೂಟರ್‌ನಲ್ಲಿ ಆದ ಬಿಲ್ಡ್. ಅಲ್ಲಿ ಬೆಳಿಗ್ಗೆ ತ್ರೀ ಫೇಸ್ ಬಿಲ್ಡ್ ಆಗಿತ್ತು. ಮಧ್ಯಾಹ್ನ ಫೇಸ್ ಸಂಖ್ಯೆ 1 ಅಂತ ಕಮ್ಯಾಂಡಿನಲ್ಲೇ ಕೊಟ್ಟು ಮತ್ತೆ ಬಿಲ್ಡ್ ಮಾಡಿದರು. ನಡುವೆ ಕ್ಲೀನ್ ಮಾಡಿರಲಿಲ್ಲ, ಅಂದರೆ ಹಳೆಯ ಆಬ್ಜೆಕ್ಟ್‌ಗಳನ್ನು ಅಳಿಸಿರಲಿಲ್ಲ.

ನಮ್ಮದು ಮೇಕ್ ಬಿಲ್ಡ್. ಯಾವ ಫೈಲ್ ಮತ್ತೆ ಕಂಪೈಲ್ ಆಗಬೇಕು ಎಂದು ನೋಡಿಕೊಳ್ಳುವ ಸಾಧನ ಮೇಕ್. ಮೇಕ್ ಅನ್ನು ಸ್ಟುವರ್ಟ್ ಫೆಲ್ಡ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಬರೆದರು. ಅದು ಹುಟ್ಟಿದ್ದೇ ಹಳೆಯ ಆಬ್ಜೆಕ್ಟ್ ಉಳಿದು ಕಾಡುವ ತೊಂದರೆ ತಪ್ಪಿಸಲು. ಅದರ ನಿಯಮ ಸರಳ. ಸೋರ್ಸ್ ಫೈಲ್‌ನ ಸಮಯ ಆಬ್ಜೆಕ್ಟ್ ಫೈಲ್‌ನ ಸಮಯಕ್ಕಿಂತ ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡು. ಇಲ್ಲದಿದ್ದರೆ ಬಿಡು. ಈ ನಿಯಮಕ್ಕೆ ಫೈಲ್‌ಗಳು ಮಾತ್ರ ಕಾಣುತ್ತವೆ. ಕಂಪೈಲರ್‌ಗೆ ಯಾವ ಫ್ಲ್ಯಾಗ್ (ಸೂಚನೆ) ಕೊಟ್ಟೆವು, ಯಾವ ಮ್ಯಾಕ್ರೋಗೆ (ಕೋಡಿನಲ್ಲಿ ಒಂದು ಬೆಲೆಗೆ ಇಟ್ಟ ಹೆಸರಿಗೆ) ಯಾವ ಬೆಲೆ ಕೊಟ್ಟೆವು ಎನ್ನುವುದು ಯಾವ ಫೈಲ್‌ನಲ್ಲೂ ಇಲ್ಲ, ಅಲ್ವಾ? ಅದು ಕಮ್ಯಾಂಡಿನ ಸಾಲಿನಲ್ಲಿ ಬಂದು ಹೋಗುತ್ತದೆ.

ಜಿಸಿಸಿ ಕಂಪೈಲರ್ ಪ್ರತಿ ಸೋರ್ಸ್ ಫೈಲ್ ಯಾವ ಯಾವ ಹೆಡರ್ (ಹಲವು ಸೋರ್ಸ್ ಫೈಲ್‌ಗಳು ಹಂಚಿಕೊಳ್ಳುವ ಫೈಲ್) ಬಳಸಿತು ಅಂತ ಪಟ್ಟಿ ಬರೆದು ಕೊಡುತ್ತದೆ. ನಾವು ಅದನ್ನು ಬಳಸುತ್ತಿದ್ದೆವು. ಅದಿದೆಯಲ್ಲ ಅಂತ ನೆಮ್ಮದಿಯಿಂದಲೂ ಇದ್ದೆವು. ಆದರೆ ಹೆಡರ್ ಬದಲಾಗಿರಲಿಲ್ಲ. ಹೆಡರಿನೊಳಗೆ "ಫೇಸ್ 3 ಆದರೆ ಹೀಗೆ, 1 ಆದರೆ ಹಾಗೆ" ಅನ್ನುವ ಸಾಲು ಎರಡೂ ಬಿಲ್ಡ್‌ನಲ್ಲಿ ಅದೇ. ಆ ದಿನ ಮೂರು ಫೈಲ್‌ಗಳನ್ನು ತಿದ್ದಿದ್ದರು: ಸೆಟ್ಟಿಂಗ್ಸ್, ಕರೆಂಟ್ ಅಳೆಯುವ ಫೈಲ್, ಮುಖ್ಯ ಫೈಲ್. ಆ ಮೂರು ಹೊಸ ಬೆಲೆಯೊಂದಿಗೆ ಕಂಪೈಲ್ ಆದವು. ಉಳಿದವು ಬೆಳಗಿನವೇ. ಲಿಂಕರ್ ಹೆಸರು ನೋಡಿ ಜೋಡಿಸುತ್ತದೆ. ಸಿ ಭಾಷೆಯಲ್ಲಿ ಒಂದು ಕಡೆಯ ಸ್ಟ್ರಕ್ಚರ್ 8 ಬೈಟ್, ಇನ್ನೊಂದು ಕಡೆ 12 ಬೈಟ್ ಅಂತ ಅದಕ್ಕೆ ತಿಳಿಯುವುದಿಲ್ಲ. ಒಂದು ವಾರ್ನಿಂಗ್ ಕೂಡ ಬರಲಿಲ್ಲ.

ಆ ಬಿಲ್ಡ್ ಮಾಡಿದವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿ. ಅವಳು ಕಣ್ಣಲ್ಲಿ ನೀರು ತಂದುಕೊಂಡು "ಕ್ಲೀನ್ ಮಾಡಬೇಕಿತ್ತು ಅಂತ ನನಗ ಗೊತ್ತಿರ್ಲಿಲ್ರಿ ಸರ್" ಅಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಫೇಸ್ ಬದಲಿಸಿದರೆ ಕ್ಲೀನ್ ಮಾಡಬೇಕು ಅನ್ನುವುದು ಹಳಬರ ಕೈಗೆ ಅಂಟಿದ ಅಭ್ಯಾಸ, ಎಲ್ಲೂ ಬರೆದಿಟ್ಟದ್ದಲ್ಲ. ಪೂರ್ತಿ ಬಿಲ್ಡ್‌ಗೆ 3 ನಿಮಿಷ, ನಮ್ಮಲ್ಲಿ 11 ಮಾದರಿಗಳು. ಅರ್ಧ ತಾಸಿಗಿಂತ ಜಾಸ್ತಿ ಕಾಯುವ ಕೆಲಸವನ್ನು ಯಾರಾದರೂ ಒಂದು ದಿನ ಬಿಟ್ಟೇ ಬಿಡುತ್ತಾರೆ. ಈ ತಪ್ಪನ್ನು ನಾನು ಮನುಷ್ಯರ ಲೆಕ್ಕಕ್ಕೆ ಬರೆಯಲು ಒಪ್ಪಲಿಲ್ಲ. ಸೆಟ್ಟಿಂಗ್ ಕೂಡ ಸೋರ್ಸ್ ಕೋಡಿನಷ್ಟೇ ಬಿಲ್ಡ್‌ನ ಕಚ್ಚಾ ಸಾಮಾನು. ಅದು ಬದಲಾದದ್ದನ್ನು ಬಿಲ್ಡ್ ತಾನೇ ಗಮನಿಸಬೇಕು.

ಮೊದಲ ಎರಡು ಪ್ರಯತ್ನ

ಮೊದಲು ಸೆಟ್ಟಿಂಗ್‌ಗಳಿರುವ ಮೇಕ್ ಫೈಲನ್ನೇ ಎಲ್ಲ ಆಬ್ಜೆಕ್ಟ್‌ಗಳ ಅವಲಂಬನೆಗೆ ಸೇರಿಸಿದೆವು. ಒಂದು ಸಾಲಿನ ಕೆಲಸ. ಒಂದು ಕಾಮೆಂಟ್ ತಿದ್ದಿದರೂ 140 ಫೈಲ್ ಮತ್ತೆ ಕಂಪೈಲ್ ಆಗತೊಡಗಿದವು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಈ ಸಲದ ತಪ್ಪನ್ನೇ ಅದು ಹಿಡಿಯುತ್ತಿರಲಿಲ್ಲ. ಫೇಸ್ ಸಂಖ್ಯೆ ಕಮ್ಯಾಂಡಿನಲ್ಲಿ ಬಂದಿತ್ತು, ಫೈಲ್ ಮುಟ್ಟಿರಲೇ ಇಲ್ಲ. ಅರ್ಧ ದಿನದಲ್ಲಿ ಕೈಬಿಟ್ಟೆವು.

ಎರಡನೆಯದು ಗುರುತಿನ ಫೈಲ್. ಪ್ರತಿ ಸಲ ಮೇಕ್ ಓಡಿದಾಗ, ಆ ಕ್ಷಣಕ್ಕೆ ಜಾರಿಯಲ್ಲಿರುವ ಎಲ್ಲ ಸೆಟ್ಟಿಂಗ್‌ಗಳ ಬೆಲೆಯನ್ನು ಒಂದು ತಾತ್ಕಾಲಿಕ ಫೈಲ್‌ಗೆ ಬರೆಯುವುದು. ಸೆಟ್ಟಿಂಗ್ ಎಲ್ಲಿಂದ ಬಂದರೂ ಸರಿ, ಅಂತಿಮ ಬೆಲೆ ಮುಖ್ಯ. ಹಿಂದಿನ ಸಲದ ಫೈಲ್ ಜೊತೆ ಹೋಲಿಸುವುದು. ಬೇರೆ ಇದ್ದರೆ ಮಾತ್ರ ಹಳೆಯದರ ಜಾಗಕ್ಕೆ ಹೊಸದನ್ನು ಇಡುವುದು. ಒಂದೇ ಆಗಿದ್ದರೆ ಹಳೆಯ ಫೈಲನ್ನು ಮುಟ್ಟದೆ ಬಿಡುವುದು. ಮುಟ್ಟದಿದ್ದರೆ ಸಮಯ ಬದಲಾಗುವುದಿಲ್ಲ, ಮೇಕ್ ಏನನ್ನೂ ಮತ್ತೆ ಕಟ್ಟುವುದಿಲ್ಲ. ಬದಲಾದರೆ ಸಮಯ ಹೊಸದಾಗುತ್ತದೆ, ಮೇಕ್ ತನ್ನ ಹಳೆಯ ನಿಯಮದ ಪ್ರಕಾರವೇ ಎಲ್ಲವನ್ನೂ ಕಟ್ಟುತ್ತದೆ. ಈ ಹೋಲಿಕೆ ಪ್ರತಿ ಸಲ ಓಡಲೇಬೇಕು. ಅದಕ್ಕೆ ಎಂದೂ ಇಲ್ಲದ ಒಂದು ಹೆಸರನ್ನು ಅವಲಂಬನೆಯಾಗಿ ಕೊಡುತ್ತಾರೆ, ಫೋರ್ಸ್ ಅಂತ ಅದರ ವಾಡಿಕೆಯ ಹೆಸರು. ಮೇಕ್‌ನ ಕಣ್ಣಿಗೆ ಕಾಣದಿದ್ದ ಸೆಟ್ಟಿಂಗ್‌ಗೆ ಒಂದು ಫೈಲಿನ ರೂಪ ಕೊಟ್ಟಂತಾಯಿತು. ಇದು ನನಗೆ ಬಹಳ ಹಿಡಿಸಿದ ಉಪಾಯ.

ಇದರಲ್ಲೂ ಒಂದು ಕಡೆ ಎಡವಿದೆವು. ಗುರುತಿನ ಫೈಲ್‌ಗೆ ಬಿಲ್ಡ್ ದಿನಾಂಕ, ಸಮಯವೂ ಸೇರಿಬಿಟ್ಟಿತ್ತು. ಪ್ರತಿ ಸಲವೂ ಬೇರೆ, ಪ್ರತಿ ಸಲವೂ ಪೂರ್ತಿ ಬಿಲ್ಡ್. ದಿನಾಂಕವನ್ನು ಬೇರೆ ಒಂದೇ ಪುಟ್ಟ ಫೈಲ್‌ಗೆ ಸರಿಸಿದೆವು. ಬದಲಿಗೆ ಕಂಪೈಲರಿನ ಆವೃತ್ತಿ ಮತ್ತು ಫ್ಲ್ಯಾಗ್‌ಗಳನ್ನು ಸೇರಿಸಿದೆವು. ಕಂಪೈಲರ್ ಬದಲಾದರೂ ಹಳೆಯ ಆಬ್ಜೆಕ್ಟ್ ಉಳಿಯಬಾರದಲ್ಲ.

ಲಿನಕ್ಸ್ ಕರ್ನೆಲ್ ಮಾಡುವ ರೀತಿ

ಇದೇ ಕಷ್ಟ ದೊಡ್ಡ ಪ್ರಮಾಣದಲ್ಲಿ ಇರುವುದು ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನೆಲ್‌ಗೆ. ಅಲ್ಲಿ ಸೆಟ್ಟಿಂಗ್‌ಗಳೇ ಸಾವಿರಾರು. ಎಲ್ಲ ಸೇರಿ ಒಂದು ಹೆಡರ್ ಆಗುತ್ತದೆ, ಪ್ರತಿ ಸೋರ್ಸ್ ಫೈಲೂ ಅದನ್ನು ಬಳಸುತ್ತದೆ. ಹಾಗೇ ಬಿಟ್ಟರೆ ಒಂದು ಡ್ರೈವರ್ ಆನ್ ಮಾಡಿದರೂ ಇಡೀ ಕರ್ನೆಲ್ ಮತ್ತೆ ಕಂಪೈಲ್ ಆಗಬೇಕು. ಅದನ್ನು ತಪ್ಪಿಸಲು ಫಿಕ್ಸ್‌ಡೆಪ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಕೈ ಗೆರ್ಮಾಶೆವ್‌ಸ್ಕಿ ಎಂಬುವರು 2002ರಲ್ಲಿ ಬರೆದದ್ದು. ಅದು ಸೋರ್ಸ್ ಮತ್ತು ಹೆಡರ್‌ಗಳನ್ನು ಓದಿ, ಈ ಫೈಲ್ ಯಾವ ಯಾವ ಸೆಟ್ಟಿಂಗಿನ ಹೆಸರು ಎತ್ತಿದೆ ಅಂತ ಹುಡುಕುತ್ತದೆ. ಆ ದೊಡ್ಡ ಹೆಡರಿನ ಬದಲು, ಹೆಸರೆತ್ತಿದ ಸೆಟ್ಟಿಂಗ್‌ಗಳ ಮೇಲೆ ಮಾತ್ರ ಅವಲಂಬನೆ ಬರೆಯುತ್ತದೆ. ಒಂದೊಂದು ಸೆಟ್ಟಿಂಗಿಗೂ ಒಂದೊಂದು ಖಾಲಿ ಫೈಲ್. ಬೆಲೆ ಬದಲಾದ ಸೆಟ್ಟಿಂಗಿನ ಫೈಲ್‌ಗೆ ಮಾತ್ರ ಹೊಸ ಸಮಯ. ಕಾಮೆಂಟಿನಲ್ಲಿ ಹೆಸರು ಬಂದರೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ಫೈಲ್ ಸುಮ್ನೆ ಕಂಪೈಲ್ ಆದರೆ ನಷ್ಟ ಸ್ವಲ್ಪ ಸಮಯ. ಆಗದೆ ಉಳಿದರೆ ನಷ್ಟ ಏನು ಅಂತ ತಿಕೋಟಾದಲ್ಲಿ ನೋಡಿದ್ದೇವೆ.

ಇನ್ನೊಂದು ಪದರವೂ ಅಲ್ಲಿದೆ. ಪ್ರತಿ ಆಬ್ಜೆಕ್ಟ್ ಕಟ್ಟಿದ ಪೂರ್ತಿ ಕಮ್ಯಾಂಡನ್ನು ಪಕ್ಕದ ಒಂದು ಮರೆಯ ಫೈಲ್‌ನಲ್ಲಿ ಬರೆದಿಡುತ್ತಾರೆ. ಮುಂದಿನ ಸಲ ಕಮ್ಯಾಂಡ್ ಬೇರೆಯಾದರೆ ಮತ್ತೆ ಕಟ್ಟುತ್ತಾರೆ. ನಿಂಜಾ ಎಂಬ ಬಿಲ್ಡ್ ಸಾಧನದಲ್ಲಿ ಇದು ಹುಟ್ಟಿನಿಂದಲೇ ಇದೆ. ಫ್ಲ್ಯಾಗ್ ಬದಲಾದರೆ ಕೇಳದೆಯೇ ಮತ್ತೆ ಕಟ್ಟುತ್ತದೆ. ಸಿಮೇಕ್ ಬರೆದುಕೊಡುವ ಮೇಕ್ ಫೈಲ್‌ಗಳಲ್ಲೂ ಫ್ಲ್ಯಾಗ್‌ಗಳು ಒಂದು ಫೈಲ್ ಆಗಿ ಕೂತು ಅವಲಂಬನೆಗೆ ಸೇರುತ್ತವೆ. ಹೊಸದಾಗಿ ಶುರು ಮಾಡುವವರಿಗೆ ಇಂಥ ಸಾಧನವನ್ನೇ ಬಳಸಿ ಅಂತ ನಾನು ಹೇಳುತ್ತೇನೆ. ನಮ್ಮ ಚಿಪ್ ಕಂಪನಿ ಕೊಟ್ಟ ಕೋಡ್ ಮೇಕ್‌ಗೆ ಕಟ್ಟುಬಿದ್ದಿತ್ತು, ಬಿಡಿಸುವ ಸಮಯ ಇರಲಿಲ್ಲ. 140 ಫೈಲ್‌ಗೆ ಫಿಕ್ಸ್‌ಡೆಪ್‌ನಷ್ಟು ಸೂಕ್ಷ್ಮ ಬೇಕೂ ಇರಲಿಲ್ಲ.

ಕೊನೆಗೆ ಹಾಕಿದ ವ್ಯವಸ್ಥೆ

ಫ್ಲ್ಯಾಗ್ ಮೂಲಕ ಮ್ಯಾಕ್ರೋ ಕಳಿಸುವುದನ್ನು ನಿಲ್ಲಿಸಿದೆವು. ಎಲ್ಲ ಸೆಟ್ಟಿಂಗೂ ಈಗ ಒಂದು ಹೆಡರ್ ಆಗುತ್ತದೆ, ಬೆಲೆ ಬದಲಾದರೆ ಮಾತ್ರ ಹೊಸದಾಗಿ ಬರೆಯಲಾಗುತ್ತದೆ. ಪ್ರತಿ ಫೈಲ್‌ಗೂ ಅದು ತಾನಾಗಿ ಸೇರುವಂತೆ ಕಂಪೈಲರ್‌ಗೇ ಹೇಳಿದ್ದೇವೆ. ಯಾರೋ ಸೇರಿಸಲು ಮರೆತರೆ ಏನಾಗುತ್ತದೆ ಗೊತ್ತಾ? ಸಿ ಭಾಷೆಯ ಷರತ್ತಿನ ಸಾಲಿನಲ್ಲಿ ಗೊತ್ತಿಲ್ಲದ ಹೆಸರು ಬಂದರೆ ಅದರ ಬೆಲೆ ಸೊನ್ನೆ, ಸದ್ದಿಲ್ಲದೆ. ಕೇಳಿದರೆ ಮಾತ್ರ ಕಂಪೈಲರ್ ಕೊಡುವ ಅದರ ವಾರ್ನಿಂಗನ್ನೂ ಆನ್ ಮಾಡಿ, ಎರರ್ ಮಾಡಿದೆವು. ಫ್ಲ್ಯಾಗ್‌ಗಳಿಗೆ ಗುರುತಿನ ಫೈಲ್ ಉಳಿಯಿತು. 11 ಮಾದರಿಗೆ 11 ಬೇರೆ ಬೇರೆ ಬಿಲ್ಡ್ ಫೋಲ್ಡರ್.

ಇಷ್ಟಾದರೂ ನನಗೆ ಸಮಾಧಾನ ಇರಲಿಲ್ಲ. ಬಿಲ್ಡ್ ಮತ್ತೆ ತಪ್ಪಿದರೂ ಡಬ್ಬಿಯವರೆಗೆ ಹೋಗಬಾರದು. ಅದಕ್ಕೆ ಸೆಟ್ಟಿಂಗ್ಸ್ ವೇರಿಯೇಬಲ್‌ನ ಹೆಸರಿಗೇ ಫೇಸ್ ಸಂಖ್ಯೆ ಅಂಟಿಸಿದೆವು. ಬರೆಯುವವರಿಗೆ ಅದು ಹಳೆಯ ಹೆಸರೇ, ಮ್ಯಾಕ್ರೋ ಒಳಗೆ ಬದಲಿಸುತ್ತದೆ. ಈಗ ತ್ರೀ ಫೇಸಿನ ಹಳೆಯ ಟ್ರಿಪ್ ಆಬ್ಜೆಕ್ಟ್ ಉಳಿದರೆ ಅದು ಕೇಳುವ ಹೆಸರು ಸಿಂಗಲ್ ಫೇಸ್ ಬಿಲ್ಡ್‌ನಲ್ಲಿ ಇರುವುದೇ ಇಲ್ಲ. ಲಿಂಕರ್ ಅಲ್ಲೇ ನಿಲ್ಲುತ್ತದೆ. ಹೆಸರು ನೋಡಿ ಮಾತ್ರ ಜೋಡಿಸುತ್ತದೆ ಅನ್ನುವ ಗುಣವೇ ಕಾವಲಾಯಿತು.

ಪರೀಕ್ಷೆ

ಸರಿಯಾಗಿದೆ ಅಂತ ಹೇಳುವುದು ಹೇಗೆ? ಆ ಹುಡುಗಿಯೇ ಒಂದು ಸ್ಕ್ರಿಪ್ಟ್ ಬರೆದಳು. ಅದು ಪ್ರತಿ ರಾತ್ರಿ ಒಂದೊಂದೇ ಸೆಟ್ಟಿಂಗ್ ಬದಲಿಸುತ್ತದೆ. ಕ್ಲೀನ್ ಮಾಡದೆ ಒಂದು ಬಿಲ್ಡ್, ಖಾಲಿ ಫೋಲ್ಡರ್‌ನಲ್ಲಿ ಇನ್ನೊಂದು ಬಿಲ್ಡ್. ಎರಡೂ ಬೈನರಿ ಬೈಟ್ ಬೈಟ್ ಒಂದೇ ಇರಬೇಕು. ದಿನಾಂಕ ಒಳಗೆ ಸೇರಿದರೆ ಎಂದೂ ಒಂದೇ ಆಗುವುದಿಲ್ಲ, ಆದ್ದರಿಂದ ಪರೀಕ್ಷೆಯ ಬಿಲ್ಡ್‌ಗೆ ದಿನಾಂಕ ಸ್ಥಿರವಾಗಿ ಕೊಡುತ್ತೇವೆ.

ಮೊದಲ ರಾತ್ರಿಯೇ ಎರಡು ಸಿಕ್ಕಿಬಿದ್ದವು. ಒಂದು, ಲಿಂಕರ್ ಸ್ಕ್ರಿಪ್ಟ್, ಮೆಮೊರಿಯಲ್ಲಿ ಯಾವುದು ಎಲ್ಲಿ ಕೂರಬೇಕು ಎಂದು ಲಿಂಕರ್‌ಗೆ ಹೇಳುವ ಫೈಲ್. ಅದರಲ್ಲೂ ಮೆಮೊರಿ ಗಾತ್ರದ ಒಂದು ಸೆಟ್ಟಿಂಗ್ ಬಳಕೆಯಾಗುತ್ತಿತ್ತು, ನಾವು ಆಬ್ಜೆಕ್ಟ್‌ಗಳ ಬಗ್ಗೆ ಮಾತ್ರ ಯೋಚಿಸಿದ್ದೆವು. ಇನ್ನೊಂದು, ಎಸ್ಸೆಮ್ಮೆಸ್ ಭಾಷೆ. ನಮ್ಮ ಡಬ್ಬಿಗಳು ಮಹಾರಾಷ್ಟ್ರಕ್ಕೂ ಹೋಗುತ್ತವೆ. ಕನ್ನಡವೋ ಮರಾಠಿಯೋ ಎಂಬುದು ಎನ್ವಿರಾನ್ಮೆಂಟ್ ವೇರಿಯೇಬಲ್‌ನಿಂದ ಬರುತ್ತಿತ್ತು. ಅದು ಮೇಕ್ ಫೈಲ್‌ನಲ್ಲೂ ಇಲ್ಲ, ಕಮ್ಯಾಂಡಿನಲ್ಲೂ ಇಲ್ಲ. ಕಂಪ್ಯೂಟರಿನ ಗಾಳಿಯಲ್ಲಿ ಇದ್ದಂತೆ. ಮರಾಠಿ ಬಿಲ್ಡ್ ಕೇಳಿದರೆ ಕನ್ನಡದ ಸಂದೇಶಗಳೇ ಉಳಿಯುತ್ತಿದ್ದವು. ಎರಡನ್ನೂ ಸೆಟ್ಟಿಂಗ್ ಹೆಡರಿನ ದಾರಿಗೆ ತಂದೆವು.

ಹೊಸ ಪ್ರೋಗ್ರಾಂ ತುಂಬಿದ ದಿನ ಕಾಕಾ ಬೇಕೆಂದೇ ವಾಲ್ವ್ ಮುಚ್ಚಿ ನೋಡಿದರು. ಡಬ್ಬಿ ನೀರಿಲ್ಲ ಅಂತ ಬಂದ್ ಮಾಡಿತು. ಮತ್ತೆ ಚಾಲೂ ಆಗುವವರೆಗೆ ಗಡಿಯಾರ ಹಿಡಿದು ಕೂತರು. "ಬರೋಬ್ಬರಿ ಎರಡು ನಿಮಿಷ ಆತ್ರಿ" ಅಂತ ಫೋನ್ ಬಂತು.

ಡಬ್ಬಿ ಚಾಲೂ ಆದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ ಬೂಟ್‌ಲೋಡರ್. ಅದರ ಬಿಲ್ಡ್ ಇನ್ನೂ ಹಳೆಯ ರೀತಿಯಲ್ಲೇ ಇದೆ. ಅದರಲ್ಲಿ 9 ಸೆಟ್ಟಿಂಗ್‌ಗಳು, ಅವುಗಳಲ್ಲಿ ನಾಲ್ಕು ಫ್ಲ್ಯಾಗ್ ಮೂಲಕ ಬರುತ್ತವೆ. ಅದನ್ನೂ ಹೊಸ ರೀತಿಗೆ ಬದಲಿಸಿ ಮುಗಿಯುವವರೆಗೆ ಬೂಟ್‌ಲೋಡರ್ ಬಿಲ್ಡ್‌ನ ಸ್ಕ್ರಿಪ್ಟ್ ಪ್ರತಿ ಸಲ ಫೋಲ್ಡರ್ ಅಳಿಸಿಯೇ ಶುರುವಾಗುತ್ತದೆ.